ಲ್ಯಾಡ್ಸನ್-ಬಿಲ್ಲಿಂಗ್ಸ್ ಹೇಳಿದ್ದು ಬರೀ ಹಬ್ಬ, ಪೋಸ್ಟರ್ ವಿಷಯಾನಾ?

ಪ್ರಶ್ನೆ (ಎಂ.ಎಡ್. ವಿದ್ಯಾರ್ಥಿನಿ):
ಅಮೆರಿಕದ ಶಿಕ್ಷಣ ಸಂಶೋಧಕಿ ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ ಮೇಲೆ ಸೆಮಿನಾರ್ ಕೊಡಬೇಕಿದೆ. ಮಕ್ಕಳ ಸಂಸ್ಕೃತಿಗೆ ಹೊಂದುವ ಬೋಧನೆ ಅಂದ್ರೆ ತರಗತಿಯಲ್ಲಿ ಕಪ್ಪು ನಾಯಕರ ಚಿತ್ರ ಹಾಕೋದು, ಅವರ ಹಬ್ಬ ಮಾಡೋದು ಅಂತ ನೋಟ್ಸ್‌ನಲ್ಲಿದೆ. ಇಷ್ಟರಿಂದ ಅಮೆರಿಕದ ಶಾಲೆಗಳ ಅಸಮಾನತೆ ಹೇಗೆ ಹೋಗುತ್ತೆ?

ಉತ್ತರ (ಶಿಕ್ಷಕರ ತರಬೇತಿಯಲ್ಲಿರುವವನು):
ಆ ನೋಟ್ಸ್ ಪಕ್ಕಕ್ಕಿಟ್ಟು ಅವರ 1995ರ ಲೇಖನ ಓದಿ, ಮೇಡಂ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಎಂಟು ಶಿಕ್ಷಕಿಯರ ತರಗತಿಗಳಲ್ಲಿ ಕೂತು ನೋಡಿ ಬರೆದದ್ದು ಅದು. ಕಪ್ಪು ಮಕ್ಕಳಿಗೆ ಚೆನ್ನಾಗಿ ಕಲಿಸೋರು ಯಾರು ಅಂತ ಪೋಷಕರನ್ನೂ ಮುಖ್ಯೋಪಾಧ್ಯಾಯರನ್ನೂ ಕೇಳಿ ಆರಿಸಿದ ಶಿಕ್ಷಕಿಯರು. ಉಳಿದ ಸಂಶೋಧಕರು ಈ ಮಕ್ಕಳಲ್ಲಿ ಏನು ಕೊರತೆ ಅಂತ ಹುಡುಕುತ್ತಿದ್ದಾಗ, ಲ್ಯಾಡ್ಸನ್-ಬಿಲ್ಲಿಂಗ್ಸ್ ಪಾಠ ಎಲ್ಲಿ ಚೆನ್ನಾಗಿ ನಡೀತಿದೆ, ಯಾಕೆ ಅಂತ ಹುಡುಕಿದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದೇ ಇದರಿಂದ.

ಅವರು ಕೇಳೋದು ಮೂರು: ಮಗು ನಿಜವಾಗಿ ಕಲಿಯಬೇಕು, ತನ್ನತನ ಬಿಡದೆ ಬೇರೆಯವರ ಸಂಸ್ಕೃತಿಯಲ್ಲೂ ಓಡಾಡಬಲ್ಲದಾಗಬೇಕು, ಅನ್ಯಾಯ ಕಂಡರೆ ಪ್ರಶ್ನಿಸಬೇಕು. ಅದರಲ್ಲಿ ಕಲಿಕೆಯೇ ಮೊದಲು. ಒಬ್ಬ ಶಿಕ್ಷಕಿ ರ‍್ಯಾಪ್ ಹಾಡು ತಂದರು. ಮಕ್ಕಳು ಹಾಡಿ ಸುಮ್ಮನಾಗಲಿಲ್ಲ. ಸಾಲು ಸಾಲಾಗಿ ವಾಚ್ಯಾರ್ಥ ಯಾವುದು, ಒಳಾರ್ಥ ಯಾವುದು, ಪ್ರಾಸ ಎಲ್ಲಿದೆ, ಅನುಪ್ರಾಸ ಎಲ್ಲಿದೆ ಅಂತ ಬಿಡಿಸಿದರು. ಅಲ್ಲಿಂದ ಪಠ್ಯದ ಕವಿತೆಗೆ ಹೋದರು. ಇನ್ನೊಂದು ಕಡೆ, ಪಠ್ಯಪುಸ್ತಕ ಹಳತಾಗಿದೆ ಅಂತ ಮಕ್ಕಳೇ ಪತ್ರಿಕೆಯ ಸಂಪಾದಕರಿಗೆ ಕಾಗದ ಬರೆದರು. ಗೋಡೆಗೆ ಚಿತ್ರ ಅಂಟಿಸಿದರೆ ಇದರಲ್ಲಿ ಯಾವುದೂ ಆಗಲ್ಲ.

ಇನ್ನೊಬ್ಬರು:
ಒಪ್ಪಿದೆ ಸರ್. ಆದರೆ ಶಾಲೆಗೆ ದುಡ್ಡೇ ಇಲ್ಲದಿದ್ದರೆ ಒಳ್ಳೆ ಟೀಚರ್ ಒಬ್ಬರೇ ಏನು ಮಾಡಬೇಕು? ಹೊರೆಯೆಲ್ಲ ಅವರ ತಲೆಗೇ ಕಟ್ಟಿದ ಹಾಗಲ್ವಾ?

ಉತ್ತರ (ಮೊದಲು ಬರೆದವನು):
ಹಾಗೆ ಕಟ್ಟಬಾರದು ಅಂತ ಅವರೇ 2006ರಲ್ಲಿ ಹೇಳಿದ್ದಾರೆ, ಅಮೆರಿಕದ ಶಿಕ್ಷಣ ಸಂಶೋಧಕರ ಸಂಘದ ಅಧ್ಯಕ್ಷ ಭಾಷಣದಲ್ಲಿ. ಎಲ್ಲರೂ ಕಪ್ಪು, ಬಿಳಿ ಮಕ್ಕಳ ಅಂಕಗಳ ಅಂತರ ಅಂತಾರೆ. ಇದನ್ನ ಈ ಮಕ್ಕಳಿಗೆ ಸಮಾಜ ತೀರಿಸಬೇಕಾದ ಸಾಲ ಅನ್ನಿ ಅಂದರು. ಒಂದು ವರ್ಷದ ಬಜೆಟ್ ಕೊರತೆ ಬೇರೆ, ವರ್ಷಗಟ್ಟಲೆ ಬೆಳೆದ ಸಾಲ ಬೇರೆ. ಗುಲಾಮರಿಗೆ ಓದು ಕಲಿಸೋದನ್ನೇ ಕಾನೂನು ತಡೆದಿದ್ದ ಕಾಲದಿಂದ ಏರುತ್ತಾ ಬಂದ ಸಾಲ ಇದು. ಆಗ ಅವರು ಕೊಟ್ಟ ಲೆಕ್ಕ ನೋಡಿ: ಷಿಕಾಗೋ ಸರ್ಕಾರಿ ಶಾಲೆಗಳಲ್ಲಿ ಮಗುವಿಗೆ ವರ್ಷಕ್ಕೆ 8,482 ಡಾಲರ್, ಪಕ್ಕದ ಹೈಲ್ಯಾಂಡ್ ಪಾರ್ಕ್ ಉಪನಗರದಲ್ಲಿ 17,291. ಮೊದಲನೆಯದರಲ್ಲಿ ಬಹುಪಾಲು ಕಪ್ಪು ಮತ್ತು ಲ್ಯಾಟಿನೋ ಮಕ್ಕಳು, ಎರಡನೆಯದರಲ್ಲಿ ಬಹುಪಾಲು ಬಿಳಿಯರು.

ಸೆಮಿನಾರ್‌ನಲ್ಲಿ ಈ ಎರಡು ಬರಹಗಳನ್ನೂ ಜೊತೆಗಿಟ್ಟು ಮಾತಾಡಿ ಮೇಡಂ. ಮೊದಲನೆಯದನ್ನ ಮಾತ್ರ ಹೇಳಿದರೆ, ತಪ್ಪೆಲ್ಲ ಶಿಕ್ಷಕರದೇ ಅಂತ ಕೇಳಿದವರು ಎದ್ದು ಹೋಗ್ತಾರೆ.