ಪೋರ್ಟ್ರೇಟ್‌ಗೆ ಯಾವ ಲೈಟ್ ತಗೊಳ್ಳಲಿ? ಶಿವಮೊಗ್ಗದ ಸ್ಟುಡಿಯೋದ ಛಾಯಾಗ್ರಾಹಕರ ಜೊತೆ ನಮ್ಮ ಗುಂಪಿನ ಸದಸ್ಯರ ಪ್ರಶ್ನೋತ್ತರ

ಸಾಗರದ ಸದಸ್ಯೆ: ಸರ್, ಅಜ್ಜಿಯ ಫೋಟೋವನ್ನು ನಮ್ಮ ಹೆಂಚಿನ ಮನೆಯ ಜಗಲಿಯಲ್ಲೇ ತೆಗೆಯಬೇಕು. ಫ್ಲಾಶನ್ನು ಮೇಲಕ್ಕೆ ತಿರುಗಿಸಿದರೆ ಮುಖ ಕಪ್ಪಾಗಿ ಬರುತ್ತದೆ. ಇನ್ನೂ ದೊಡ್ಡ ಫ್ಲಾಶ್ ಬೇಕಾ?

ಛಾಯಾಗ್ರಾಹಕರು: ಬೇಡ. ಮೇಲಕ್ಕೆ ತಿರುಗಿಸುವುದು ಬಿಳಿ ತಾರಸಿ ಇರುವ ಮನೆಗೆ ಸರಿ. ನಿಮ್ಮಲ್ಲಿ ಮೇಲಿರುವುದು ಹೊಗೆ ಹಿಡಿದ ಮರ, ಹೆಂಚು. ಬೆಳಕನ್ನೆಲ್ಲ ಅದೇ ನುಂಗುತ್ತದೆ. ಇರುವ ಫ್ಲಾಶಿಗೆ ಒಂದು ಸ್ಟ್ಯಾಂಡ್, ಟ್ರಿಗರ್ (ಕ್ಯಾಮೆರಾ ಒತ್ತಿದಾಗ ದೂರದಲ್ಲಿರುವ ಫ್ಲಾಶನ್ನು ಹೊಳೆಸುವ ಸಾಧನ), ಬೆಳಕು ಹರಡುವ ಬಿಳಿ ಕೊಡೆ ತಗೊಳ್ಳಿ. ಕೊಡೆಯನ್ನು ಪಕ್ಕದಿಂದ, ಕಣ್ಣಿಗಿಂತ ಸ್ವಲ್ಪ ಮೇಲೆ, ಒಂದು ಮೀಟರ್ ದೂರದಲ್ಲಿ ಇಡಿ. ಎರಡು ಮೀಟರ್‌ನಿಂದ ಒಂದಕ್ಕೆ ತಂದರೆ ಬೆಳಕು ನಾಲ್ಕು ಪಟ್ಟಾಗುತ್ತದೆ, ಮೃದುವೂ ಆಗುತ್ತದೆ. ನೆರಳಿನ ಕಡೆಗೂ ಬೆಳಕು ತಿರುಗಿ ಬೀಳುವ ಹಾಗೆ ಇನ್ನೊಂದು ಕಡೆ ಯಾರಾದರೂ ಬಿಳಿ ಪಂಚೆ ಹಿಡಿಯಲಿ. ಜಗಲಿಯ ಬಲ್ಬ್ ಆರಿಸಿ. ಇಲ್ಲದಿದ್ದರೆ ಮುಖದ ಮೇಲೆ ಎರಡು ಬಣ್ಣ ಬೀಳುತ್ತದೆ. ಅಜ್ಜಿಯ ಸುಕ್ಕು ಅಳಿಸಬೇಡಿ, ಅದು ಅವರ ಮುಖ.

ಭದ್ರಾವತಿಯ ಸದಸ್ಯ: ಎಲ್‌ಇಡಿ ಒಳ್ಳೇದಾ, ಫ್ಲಾಶಾ?

ಛಾಯಾಗ್ರಾಹಕರು: ಫೋಟೋಗೆ ಫ್ಲಾಶ್. ವಿಡಿಯೋಗೆ ಎಲ್‌ಇಡಿ.

ಹೊಸನಗರದ ಸದಸ್ಯ: ಫ್ಲಾಶ್ ಯಾಕೆ? 60 ವ್ಯಾಟ್ ಎಲ್‌ಇಡಿ ಸಾಕು.

ಶಿಕಾರಿಪುರದ ಸದಸ್ಯ: ಸಾಕಾಗಲ್ಲ. ಫೋಟೋ ತೆಗೆಯುವ 1/60 ಸೆಕೆಂಡಿನಲ್ಲಿ ಅದು ಬಳಸುವುದು 1 ವ್ಯಾಟ್-ಸೆಕೆಂಡ್ ಶಕ್ತಿ ಮಾತ್ರ. ಕ್ಯಾಮೆರಾ ಮೇಲಿಡುವ ಫ್ಲಾಶ್ ಒಂದೇ ಸಲಕ್ಕೆ ಹತ್ತಿರ ಹತ್ತಿರ 60 ಸುರಿಯುತ್ತದೆ.

ಹೊಸನಗರದ ಸದಸ್ಯ: ಮದುವೆ ಮನೆಯಲ್ಲಿ ನಿಂತು ಕೆಲಸ ಮಾಡಿದ್ದೀರಾ? ಸುಮ್ನೆ ಲೆಕ್ಕ ಹೇಳಬೇಡಿ.

ಶಿಕಾರಿಪುರದ ಸದಸ್ಯ: ಲೆಕ್ಕ ತಪ್ಪಿದ್ದರೆ ತೋರಿಸಿ. ನನ್ನ ಕೆಲಸದ ವಿಚಾರಣೆ ಬೇಡ.

ಕೊಪ್ಪದ ಸದಸ್ಯೆ: ಕನ್ನಡಕದಲ್ಲಿ ಕೊಡೆಯ ಹೊಳಪು ಬಾರದ ಹಾಗೆ ಏನು ಮಾಡಬೇಕು?

ತೀರ್ಥಹಳ್ಳಿಯ ಸದಸ್ಯ: ಹೊಸದಕ್ಕೆ ದುಡ್ಡಿಲ್ಲ ಸರ್. ಅಟ್ಟದಲ್ಲಿ ಹಳೇ ಸ್ಟುಡಿಯೋ ಫ್ಲಾಶ್ ಇದೆ, ಮಳೆಗಾಲಕ್ಕೆ ತೇವ ಹಿಡಿದಿದೆ. ಬಿಚ್ಚಿ, ಸ್ಕ್ರೂಡ್ರೈವರ್ ಮುಟ್ಟಿಸಿ ಚಾರ್ಜ್ ಇಳಿಸಿ, ಅಕ್ಕಿ ಡಬ್ಬಿಯಲ್ಲಿಡಿ ಅಂತ ಫಾರ್ವರ್ಡ್ ವಿಡಿಯೋ ಬಂದಿದೆ. ಮಾಡಲಾ?

ಛಾಯಾಗ್ರಾಹಕರು: ಮಾಡಬೇಡಿ. ಬಿಚ್ಚಲೇ ಬೇಡಿ. ಒಳಗಿನ ಕೆಪಾಸಿಟರ್ (ವಿದ್ಯುತ್ ಕೂಡಿಡುವ ಭಾಗ) 300 ವೋಲ್ಟ್ ಅಥವಾ ಅದಕ್ಕೂ ಜಾಸ್ತಿ ಹಿಡಿದಿಟ್ಟುಕೊಂಡಿರುತ್ತದೆ. ಪ್ಲಗ್ ಕಿತ್ತು ಎಷ್ಟೋ ಹೊತ್ತಾದರೂ ಚಾರ್ಜ್ ಉಳಿದಿರಬಹುದು. ಸ್ಕ್ರೂಡ್ರೈವರ್ ಮುಟ್ಟಿಸಿದರೆ ಲೋಹ ಕರಗಿ ಕಣ್ಣಿಗೆ ಸಿಡಿಯಬಹುದು. ಕೈ ತಾಗಿದರೆ ಜೀವವೇ ಹೋಗಬಹುದು. ತೇವ ಇರುವಾಗ ಪ್ಲಗ್ ಹಾಕಿ ನೋಡುವುದೂ ಬೇಡ. ಫ್ಲಾಶ್ ರಿಪೇರಿ ಬಲ್ಲವರಿಗೆ ಕೊಡಿ. ಸರಿಯಾಗಿ ಬಂದ ಮೇಲೂ ತಂತಿಯಿಂದ ಡಿಜಿಟಲ್ ಕ್ಯಾಮೆರಾಕ್ಕೆ ನೇರ ಜೋಡಿಸಬೇಡಿ. ಕೆಲವು ಹಳೇ ಫ್ಲಾಶ್‌ಗಳ ಟ್ರಿಗರ್ ತಂತಿಯಲ್ಲೇ 200 ವೋಲ್ಟ್ ದಾಟುತ್ತದೆ, ಕ್ಯಾಮೆರಾ ಸುಟ್ಟೀತು. ಅಕ್ಕಿಯ ಮಾತು ಇನ್ನು ಸಾಕು. ಅದರ ಧೂಳು ಒಳಗೆ ಸೇರುತ್ತದೆ, ಅಷ್ಟೇ. ಚೆನ್ನಾಗಿರುವ ಸಾಮಾನನ್ನು ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ.

ಹೊಸನಗರದ ಸದಸ್ಯ: ನಮ್ಮ ಮಾವ ಹೀಗೇ ಬಿಚ್ಚಿದ್ದರು, ಏನೂ ಆಗಿಲ್ಲ.

ಛಾಯಾಗ್ರಾಹಕರು: ಅವರ ಅದೃಷ್ಟ. ಆ ವಿಡಿಯೋವನ್ನು ಇಲ್ಲಿ ಇನ್ನೊಮ್ಮೆ ಹಾಕಬೇಡಿ.

ಸೊರಬದ ಸದಸ್ಯ: ಸರ್, ಎಲ್‌ಇಡಿ ತಗೊಳ್ಳಲಾ, ಫ್ಲಾಶ್ ತಗೊಳ್ಳಲಾ?

ಛಾಯಾಗ್ರಾಹಕರು: ಮೇಲೆ ಓದಿ.

ತೀರ್ಥಹಳ್ಳಿಯ ಸದಸ್ಯ: ಸರ್, ಬೆಳಿಗ್ಗೆ ಒಂದು ಸಲ ಪ್ಲಗ್ ಹಾಕಿಬಿಟ್ಟಿದ್ದೆ. ಈಗ ಕಿತ್ತಿದ್ದೇನೆ.

ಛಾಯಾಗ್ರಾಹಕರು: ಹಾಗೇ ಬಿಡಿ. ಮಕ್ಕಳ ಕೈಗೆ ಸಿಗದ ಕಡೆ ಇಡಿ. ನಾಳೆ ನನಗೆ ಫೋನ್ ಮಾಡಿ, ಯಾರಿಗೆ ಕೊಡಬೇಕು ಅಂತ ಹೇಳುತ್ತೇನೆ.