ಒಂದೇ ಸಾಲಿನ ನಾಲ್ಕು ಸ್ಲಾಟ್ ಮಷಿನ್ ರಾತ್ರಿಯಾದರೆ ಟಿಕೆಟ್ ತಗೊಳ್ಳಲ್ಲ. ಹೊಸ ಹುಡುಗರಿಗೆ ಎಲ್ಲಿಂದ ಕಲಿಸಲಿ?

ಕಾರವಾರ_ಸ್ಲಾಟ್:
ನಮಸ್ಕಾರ. ಪಣಜಿಯಲ್ಲಿ ಮಾಂಡೋವಿ ನದಿ ಮೇಲಿನ ಒಂದು ಕ್ಯಾಸಿನೋ ಹಡಗಿನಲ್ಲಿ ಸ್ಲಾಟ್ (ದುಡ್ಡು ಹಾಕಿ ಅದೃಷ್ಟದ ಆಟ ಆಡೋ ಮಷಿನ್) ವಿಭಾಗ ನೋಡಿಕೊಳ್ಳುತ್ತೇನೆ. ಈಗ ಹೊಸದಾಗಿ ಕೆಲವು ಹುಡುಗರು ಸೇರಿದ್ದಾರೆ. ಕಾರವಾರ, ಅಂಕೋಲಾ ಕಡೆಯವರು, ಐಟಿಐ ಎಲೆಕ್ಟ್ರಾನಿಕ್ಸ್ ಮುಗಿಸಿದವರು. ಮಲ್ಟಿಮೀಟರ್ ಹಿಡಿಯೋಕೆ ಬರುತ್ತೆ, ಸೋಲ್ಡರಿಂಗ್ ಅಚ್ಚುಕಟ್ಟು. ಆದರೆ ಸ್ಲಾಟ್ ಮಷಿನ್ ಬಾಗಿಲು ತೆರೆದು ನೋಡಿದವರಲ್ಲ. ನಮ್ಮ ರಾಜ್ಯದಲ್ಲಿ ಕ್ಯಾಸಿನೋ ಇಲ್ಲ, ಎಲ್ಲಿ ನೋಡಿರುತ್ತಾರೆ ಹೇಳಿ. ಅವರನ್ನು ತಯಾರು ಮಾಡೋದು ನನ್ನ ಪಾಲಿಗೆ ಬಂದಿದೆ.

ಸಮಸ್ಯೆ ಇದು. ಒಂದು ಸಾಲಿನಲ್ಲಿ ಎಂಟು ಮಷಿನ್ ಇವೆ, ಅದರಲ್ಲಿ ಎಡಗಡೆಯ ನಾಲ್ಕು ರಾತ್ರಿ ಜನ ತುಂಬಿದ ಹೊತ್ತಿಗೆ ಟಿಕೆಟ್ (ದುಡ್ಡಿನ ಬದಲು ಹಾಕೋ, ಮಷಿನ್ ಅಚ್ಚು ಹಾಕಿ ಕೊಟ್ಟ ಚೀಟಿ) ಒಪ್ಪೋದಿಲ್ಲ. ಹತ್ತು-ಹದಿನೈದು ನಿಮಿಷ ಹಾಗೆ ಇದ್ದು ತಾನಾಗಿ ಸರಿಹೋಗುತ್ತೆ. ಹಗಲಲ್ಲಿ ಚೆಕ್ ಮಾಡಿದರೆ ಏನೂ ಇಲ್ಲ. ಹುಡುಗರು ನಾಲ್ಕೂ ವ್ಯಾಲಿಡೇಟರ್ (ನೋಟು, ಟಿಕೆಟ್ ಎಳೆದುಕೊಂಡು ಓದೋ ಸಾಧನ) ಬಿಚ್ಚಿ ಒರೆಸಿದರು, ಎರಡರ ಹೆಡ್ (ಓದೋ ಭಾಗ) ಬೇರೆ ಮಷಿನ್‌ಗೆ ಹಾಕಿ ನೋಡಿದರು, ಅಲ್ಲಿ ಚೆನ್ನಾಗೇ ಓಡಿತು. ನೈಟ್ ಶಿಫ್ಟ್‌ನ ಒಬ್ಬ ಹುಡುಗ ಬೇಸತ್ತು ಒಂದು ಮಷಿನ್‌ಗೆ ರ್‍ಯಾಮ್ ಕ್ಲಿಯರ್ (ಮಷಿನ್ ನೆನಪು ಪೂರ್ತಿ ಅಳಿಸೋದು) ಹೊಡೆದ. ಈಗ ಅಕೌಂಟ್ಸ್‌ನವರು ಮೀಟರ್ (ಮಷಿನ್ ಒಳಗಿನ ಲೆಕ್ಕ) ಒಂದು ಹೇಳ್ತಿದೆ, ಡ್ರಾಪ್ ಬಾಕ್ಸ್ (ನೋಟು, ಟಿಕೆಟ್ ಬೀಳೋ ಪೆಟ್ಟಿಗೆ) ಇನ್ನೊಂದು ಹೇಳ್ತಿದೆ ಅಂತ ಬೆನ್ನು ಬಿದ್ದಿದ್ದಾರೆ. ವ್ಯಾಲಿಡೇಟರ್ ಎಲ್ಲ ಬದಲಾಯಿಸಿ ಅಂತ ಮ್ಯಾನೇಜರ್ ಹೇಳ್ತಾರೆ. ಅಷ್ಟು ಖರ್ಚು ಮಾಡೋ ಮೊದಲು ಬಲ್ಲವರನ್ನು ಕೇಳೋಣ ಅಂತ ಬಂದೆ.

ಹುಬ್ಬಳ್ಳಿ_ಎಟಿಎಂ:
ನಾ ಕ್ಯಾಸಿನೋ ಒಳಗ ಕಾಲಿಟ್ಟಾಂವ ಅಲ್ರಿ. ಎಟಿಎಂ, ಕ್ಯಾಶ್ ಡಿಪಾಜಿಟ್ ಮಷಿನ್ ರಿಪೇರಿ ನನ್ನ ಕಸುಬು. ಆದ್ರ ಕಾಗದ ಎಳಕೊಂಡು ಓದೂ ಕೆಲಸ ಎರಡರಾಗೂ ಒಂದ ನಮೂನಿ. ಒಂದ ಮಾತು ಕೇಳ್ತೀನಿ: ನಿಮ್ಮ ಹುಡುಗ್ರು ಏನು ಹಚ್ಚಿ ಒರಸಿದ್ರು? ಸ್ಪಿರಿಟ್ ಇಲ್ಲಾ ಥಿನ್ನರ್ ಹಚ್ಚಿದ್ರ ಸೆನ್ಸರ್ ಮ್ಯಾಲಿನ ಪ್ಲಾಸ್ಟಿಕ್ ಮಬ್ಬು ಹಿಡೀತೈತಿ, ರಬ್ಬರ್ ರೋಲರ್ ಬಿರುಸಾಗ್ತಾವು. ಇವತ್ತು ಚೊಲೋ ಓಡ್ತೈತಿ, ತಿಂಗಳಾದ ಮ್ಯಾಲೆ ಒಂದೂ ಓದಂಗಿಲ್ಲ. ಸೌಮ್ಯ ಸೋಪಿನ ನೀರಾಗ ಅದ್ದಿ ಹಿಂಡಿದ, ನೂಲು ಬಿಡದ ಬಟ್ಟಿ ಸಾಕು. ಒಣಗಿದ ಮ್ಯಾಲೇ ಕರೆಂಟ್ ಕೊಡ್ರಿ.

ಆದ್ರೂ ನಾಲ್ಕು ಹೆಡ್ ಒಮ್ಮೆಗೇ ಕೆಡೂದು, ಮತ್ತ ಒಮ್ಮೆಗೇ ಸುಧಾರಿಸೂದು ಅಂದ್ರ ನನಗ ನಂಬಿಕಿ ಇಲ್ಲ. ಹೆಡ್ ಮ್ಯಾಲೆ ತಪ್ಪು ಹೊರಸಬ್ಯಾಡ್ರಿ.

ಹಡಗು_ಟೆಕ್_ಮಂಗಳೂರು:
ಹುಬ್ಬಳ್ಳಿಯವರು ಹೇಳಿದ್ದು ಸರಿ. ನಾನು ಮಯಾಮಿಯಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ಸ್ಲಾಟ್ ಟೆಕ್ನಿಷಿಯನ್. ಕಾರವಾರದವರೇ, "ಟಿಕೆಟ್ ಒಪ್ಪುವುದಿಲ್ಲ" ಎಂದರೆ ಸಾಕಾಗುವುದಿಲ್ಲ ಮಾರಾಯ್ರೆ. ಹೇಗೆ ಒಪ್ಪುವುದಿಲ್ಲ ಎನ್ನುವುದರಲ್ಲೇ ಅರ್ಧ ಉತ್ತರ ಇದೆ. ಇವತ್ತು ರಾತ್ರಿ ಹುಡುಗರನ್ನು ಉಪಕರಣವಿಲ್ಲದೆ, ಕೈ ಕಟ್ಟಿ ಮಷಿನ್ ಮುಂದೆ ನಿಲ್ಲಿಸಿ. ಬರೀ ನೋಡಲಿ.

ಟಿಕೆಟ್ ತೂರಿಸುವ ಬಾಯಿಯ ಸುತ್ತಲಿನ ದೀಪ ಆರಿದೆಯೇ, ಟಿಕೆಟ್ ತುದಿ ಇಟ್ಟರೂ ಮೋಟರ್ ಎಳೆಯುವುದಿಲ್ಲವೇ? ಹಾಗಾದರೆ ವ್ಯಾಲಿಡೇಟರ್ ಕೆಟ್ಟಿಲ್ಲ, ಅದನ್ನು ಯಾರೋ ಮುಚ್ಚಿಸಿದ್ದಾರೆ. ಗೇಮ್ ಬೋರ್ಡ್ "ಈಗ ತಗೊಳ್ಳಬೇಡ" ಎಂದಿದೆ. ದೀಪ ಉರಿಯುತ್ತಿದ್ದು, ಟಿಕೆಟ್ ಒಳಗೆ ಹೋಗಿ ತಕ್ಷಣ ವಾಪಸ್ ಬಂದರೆ ಓದಲು ಆಗಲಿಲ್ಲ ಎಂದು ಅರ್ಥ. ಒಳಗೆ ಹೋಗಿ, ಸ್ವಲ್ಪ ಹೊತ್ತು ಕೂತು, ಆಮೇಲೆ ಬಂದರೆ ಓದಿದೆ, ಆದರೆ ಸರ್ವರ್ ಒಪ್ಪಿಗೆ ಕೊಟ್ಟಿಲ್ಲ. ಟಿಕೆಟ್ ಮೇಲಿನ 18 ಅಂಕಿಯ ಸಂಖ್ಯೆಗೆ ಬೆಲೆ ಎಷ್ಟು ಎನ್ನುವುದು ಮಷಿನ್‌ಗೆ ಗೊತ್ತಿರುವುದಿಲ್ಲ, ಸರ್ವರ್ ಹೇಳಬೇಕು. ನೋಟಿಗೆ ಆ ಒಪ್ಪಿಗೆ ಬೇಕಾಗುವುದಿಲ್ಲ. ನಿಮ್ಮಲ್ಲಿ ನೋಟು ತೆಗೆದುಕೊಳ್ಳುವ ಸೆಟ್ಟಿಂಗ್ ಇದ್ದರೆ ಒಂದು ನೋಟು, ಒಂದು ಟಿಕೆಟ್ ಹಾಕಿ ನೋಡಿ. ನೋಟು ನುಂಗಿ ಟಿಕೆಟ್ ಉಗುಳಿದರೆ ವ್ಯಾಲಿಡೇಟರ್ ಮುಟ್ಟಲೇಬೇಡಿ.

ಕ್ಯಾಬಿನೆಟ್ ಒಳಗೆ ಗೇಮ್ ಬೋರ್ಡಿಗೂ ಲೆಕ್ಕದ ವ್ಯವಸ್ಥೆಗೂ ನಡುವೆ ಒಂದು ಸಣ್ಣ ಇಂಟರ್‌ಫೇಸ್ ಬೋರ್ಡ್ ಇರುತ್ತದೆ. ಅದು ಸಾಮಾನ್ಯವಾಗಿ ಸ್ಯಾಸ್ ಎಂಬ (ಸ್ಲಾಟ್ ಮಷಿನ್ ಮತ್ತು ಲೆಕ್ಕದ ವ್ಯವಸ್ಥೆ ಮಾತಾಡುವ) ಪ್ರೋಟೊಕಾಲ್‌ನಲ್ಲಿ, 19,200 ಬಾಡ್ ವೇಗದ ಸೀರಿಯಲ್ ತಂತಿಯಲ್ಲಿ, ಮಷಿನನ್ನು ಬಿಡದೆ ಪ್ರಶ್ನಿಸುತ್ತಿರುತ್ತದೆ. ಪ್ರಶ್ನೆ ಕೆಲವು ಸೆಕೆಂಡ್ ಬರದಿದ್ದರೆ ಮಷಿನ್ ಲಿಂಕ್ ಹೋಯಿತು ಎಂದುಕೊಳ್ಳುತ್ತದೆ. ಆಗ, ಇಲ್ಲವೇ ಆ ಬೋರ್ಡಿಗೇ ಸರ್ವರ್ ಸಂಪರ್ಕ ತಪ್ಪಿದಾಗ, ವ್ಯಾಲಿಡೇಟರ್ ಮುಚ್ಚುವ ಹಾಗೆ ಸೆಟ್ ಮಾಡಿರುವುದು ಸಾಮಾನ್ಯ. ನಾಲ್ಕು ಮಷಿನ್ ಒಟ್ಟಿಗೆ ಬಿದ್ದರೆ, ನಾಲ್ಕಕ್ಕೂ ಸೇರಿದ್ದು ಯಾವುದು ಎಂದು ಹುಡುಕಿ. ಸಾಲಿನ ಬುಡದ ಪೆಟ್ಟಿಗೆ ತೆಗೆದು ನೆಟ್‌ವರ್ಕ್ ಸ್ವಿಚ್ ನೋಡಿ.

ಆಡಿಟ್_ಅಕ್ಕ:
ನಾನು ನೆವಾಡಾದ ರೀನೋದಲ್ಲಿ ಕ್ಯಾಸಿನೋ ರೆವಿನ್ಯೂ ಆಡಿಟ್‌ನಲ್ಲಿದ್ದೇನೆ, ಊರು ಶಿವಮೊಗ್ಗ. ದುರಸ್ತಿಯ ಬಗ್ಗೆ ಮೇಲಿನವರು ಹೇಳಿದ್ದಾರೆ. ನನ್ನ ಕಣ್ಣು ಆ ರ್‍ಯಾಮ್ ಕ್ಲಿಯರ್ ಮೇಲೆ.

ರ್‍ಯಾಮ್ ಕ್ಲಿಯರ್ ಅಂದರೆ ಮೊಬೈಲ್ ರೀಸ್ಟಾರ್ಟ್ ಅಲ್ಲ ಅಂತ ಹುಡುಗರಿಗೆ ಮೊದಲ ದಿನವೇ ಹೇಳಿ. ಒಟ್ಟು ಎಷ್ಟು ಆಡಿದರು, ಎಷ್ಟು ಗೆದ್ದರು, ಎಷ್ಟು ಟಿಕೆಟ್ ಒಳಗೆ ಬಂತು, ಎಷ್ಟು ಹ್ಯಾಂಡ್‌ಪೇ (ಸಿಬ್ಬಂದಿ ಕೈಯಾರೆ ಕೊಟ್ಟ ಗೆಲುವಿನ ಹಣ) ಆಯಿತು, ಈ ಮೀಟರುಗಳೆಲ್ಲ ಸೊನ್ನೆಯಾಗುತ್ತವೆ. ಆಟದ ಇತಿಹಾಸವೂ ಹೋಗುತ್ತದೆ. ಜಿಎಲ್‌ಐ-11 (ಗೇಮಿಂಗ್ ಲ್ಯಾಬೊರೇಟರೀಸ್ ಇಂಟರ್‌ನ್ಯಾಷನಲ್ ಎಂಬ ಪರೀಕ್ಷಾ ಸಂಸ್ಥೆಯ) ಮಾನದಂಡದ ಪ್ರಕಾರ ಮಷಿನ್ ಕನಿಷ್ಠ ಕೊನೆಯ 10 ಆಟಗಳನ್ನು ಮತ್ತೆ ತೋರಿಸಬೇಕು. ಯಾಕೆಂದರೆ "ನನಗೆ ಜಾಕ್‌ಪಾಟ್ ಬಿದ್ದಿತ್ತು, ನೀವು ಕೊಡಲಿಲ್ಲ" ಅಂತ ಗಿರಾಕಿ ಜಗಳಕ್ಕೆ ಬಂದರೆ ನಿಮ್ಮ ಕೈಲಿರುವ ಮುಖ್ಯ ಸಾಕ್ಷಿ ಅದು. ಆದ್ದರಿಂದ ಕ್ಲಿಯರ್ ಮಾಡುವ ಮೊದಲು ಎಲ್ಲ ಮೀಟರ್ ಬರೆದುಕೊಳ್ಳಬೇಕು, ಫೋಟೊ ತೆಗೆಯಬೇಕು, ಮೇಲಿನವರ ಸಹಿ ಬೇಕು, ಇನ್ನೊಬ್ಬರು ಪಕ್ಕದಲ್ಲಿ ನಿಂತಿರಬೇಕು. ಆದ ಮೇಲೆ ನಾಣ್ಯಮೌಲ್ಯ (ಒಂದು ಕ್ರೆಡಿಟ್‌ನ ಬೆಲೆ), ಪಾವತಿ ಶೇಕಡಾವಾರು, ಸ್ಯಾಸ್ ವಿಳಾಸ (ಲಿಂಕ್‌ನಲ್ಲಿ ಮಷಿನ್‌ನ ಗುರುತಿನ ಸಂಖ್ಯೆ) ಮೊದಲಿನಂತೆಯೇ ಇವೆಯೇ ಅಂತ ತಾಳೆ ನೋಡಬೇಕು. ನಿಮ್ಮ ಆ ಒಂದು ಮಷಿನ್‌ನ ವಿಳಾಸ ಈಗಲೇ ನೋಡಿ. ಕ್ಲಿಯರ್ ಆದ ಮೇಲೆ ಅದು ಫ್ಯಾಕ್ಟರಿ ಸೆಟ್ಟಿಂಗ್‌ಗೆ ಹೋಗಿ ಕೂತಿರುವ ಸಾಧ್ಯತೆ ಇದೆ.

ಪ್ರತಿ ಕ್ಯಾಬಿನೆಟ್ ಒಳಗೂ ಒಂದು ಕಾರ್ಡ್ ನೇತುಹಾಕಿ. ಬಾಗಿಲು ತೆರೆದವರು ದಿನ, ಹೊತ್ತು, ಹೆಸರು, ಕಾರಣ ಬರೆಯಲೇಬೇಕು, ಬಲ್ಬ್ ಬದಲಾಯಿಸಲು ತೆರೆದಿದ್ದರೂ. ಪರೀಕ್ಷೆಗೆ ಹಾಕಿದ ನೋಟು, ಟಿಕೆಟ್ ಕೂಡ ಬರೆಯಬೇಕು. ಇಲ್ಲದಿದ್ದರೆ ನಿಮ್ಮ ಪರೀಕ್ಷೆಯೇ ಅಕೌಂಟ್ಸ್‌ಗೆ ಇನ್ನೊಂದು ವ್ಯತ್ಯಾಸ. ಇದು ಹುಡುಗರ ಮೇಲಿನ ಅನುಮಾನದಿಂದ ಅಲ್ಲ, ಅವರನ್ನು ಕಾಪಾಡಲು. ನಮ್ಮ ನೆವಾಡಾದಲ್ಲಿ ಮಷಿನ್ ಪರೀಕ್ಷಿಸುವ ಗೇಮಿಂಗ್ ಕಂಟ್ರೋಲ್ ಬೋರ್ಡಿನ ಉದ್ಯೋಗಿಯೇ ಆಗಿದ್ದ ರಾನ್ ಹ್ಯಾರಿಸ್ ಮಷಿನ್‌ಗಳ ಒಳಗೆ ಗುಟ್ಟಿನ ಕೋಡ್ ಸೇರಿಸಿದ್ದ. ಸಿಕ್ಕಿಬಿದ್ದದ್ದು 1995ರಲ್ಲಿ. ಅಂಥ ಪ್ರಕರಣ ಆದ ಮೇಲೆ ಟೂಲ್ ಬ್ಯಾಗ್ ಹಿಡಿದವರನ್ನೆಲ್ಲ ಲೋಕ ಒಂದೇ ಕಣ್ಣಿನಿಂದ ನೋಡುತ್ತದೆ. ಕಾರ್ಡ್ ತುಂಬಿದ್ದರೆ ಹುಡುಗ ತಲೆ ಎತ್ತಿ ಉತ್ತರ ಕೊಡಬಹುದು.

ಕಾರವಾರ_ಸ್ಲಾಟ್:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಹುಡುಗರನ್ನು ಸುಮ್ಮನೆ ನಿಲ್ಲಿಸಿದೆ. ರ್‍ಯಾಮ್ ಕ್ಲಿಯರ್ ಆದ ಮಷಿನ್‌ನ ದೀಪ ಮೊದಲೇ ಆರಿತ್ತು. ಸಮಸ್ಯೆ ಬಂದಾಗ ಉಳಿದ ಮೂರರಲ್ಲೂ ದೀಪ ಒಟ್ಟಿಗೇ ಆರಿತು, ಟಿಕೆಟ್ ತುದಿಯನ್ನೂ ಎಳೆಯಲಿಲ್ಲ. ಬುಡದ ಪೆಟ್ಟಿಗೆ ತೆಗೆದರೆ ಸ್ವಿಚ್ ಆಫ್ ಆಗಿ ಆನ್ ಆಗ್ತಾ ಇತ್ತು. ಅದರ ಅಡಾಪ್ಟರ್ ಚುಚ್ಚಿದ್ದ ಎಕ್ಸ್‌ಟೆನ್ಷನ್ ಬೋರ್ಡ್‌ಗೇ ಸಾಲಿನ ಮೇಲಿನ ದೊಡ್ಡ ಎಲ್‌ಇಡಿ ಬೋರ್ಡನ್ನೂ ಯಾರೋ ಸೇರಿಸಿದ್ದಾರೆ. ಅದು ಉರಿಯೋದು ಸಂಜೆ ಮೇಲೆ. ಅಡಾಪ್ಟರ್ ಪಿನ್ ಪೂರ್ತಿ ಹಸಿರುಗಟ್ಟಿದೆ. ಬಲಗಡೆಯ ನಾಲ್ಕು ಬೇರೆ ಸ್ವಿಚ್ ಮೇಲಿವೆ, ಅದಕ್ಕೇ ಅವಕ್ಕೆ ಏನೂ ಆಗಿರಲಿಲ್ಲ.

ಎಲ್‌ಇಡಿ ಬೋರ್ಡ್ ಲೈನ್ ಬೇರೆ ಮಾಡಿದೆವು, ಅಡಾಪ್ಟರ್, ಎಕ್ಸ್‌ಟೆನ್ಷನ್ ಎರಡೂ ಬದಲಾಯಿಸಿದೆವು. ಮೂರು ಮಷಿನ್ ಸರಿಹೋಯಿತು. ರ್‍ಯಾಮ್ ಕ್ಲಿಯರ್ ಆದದ್ದು ಮಾತ್ರ ಎದ್ದೇಳಲಿಲ್ಲ. ಅಕ್ಕ ಹೇಳಿದ ಹಾಗೇ, ಸ್ಯಾಸ್ ವಿಳಾಸ ಬದಲಾಗಿತ್ತು. ಸರಿ ಮಾಡಿದ ತಕ್ಷಣ ಲಿಂಕ್ ಬಂತು.

ಇನ್ನೊಂದು ತಲೆನೋವು. ಬಲಗಡೆಯ ಒಂದು ಮಷಿನ್ ಈ ವಾರ "ತುಂಬಾ ಕೊಡ್ತಿದೆ", ಅದನ್ನು ಟೈಟ್ ಮಾಡಿಸಿ (ಗಿರಾಕಿಗೆ ಕಡಿಮೆ ಕೊಡೋ ಹಾಗೆ) ಅಂತ ಫ್ಲೋರ್‌ನ ಒಬ್ಬರು ಹುಡುಗರಿಗೆ ಹೇಳಿದ್ದಾರೆ. ಹುಡುಗರು ನನ್ನ ಮುಖ ನೋಡ್ತಿದ್ದಾರೆ.

ಆಡಿಟ್_ಅಕ್ಕ:
ಫ್ಲೋರ್ ಸೂಪರ್‌ವೈಸರುಗಳನ್ನೂ ಅದೇ ತರಬೇತಿಗೆ ಕೂರಿಸಿ. ಒಂದೇ ಲೆಕ್ಕ ಸಾಕು. ಮಷಿನ್ ಹೋಲ್ಡ್ (ಆಡಿದ ಹಣದಲ್ಲಿ ಕ್ಯಾಸಿನೋ ಉಳಿಸಿಕೊಳ್ಳುವ ಪಾಲು) ಶೇ. 8, ಆಡಿದ ಒಟ್ಟು ಮೊತ್ತ 10 ಲಕ್ಷ ರೂಪಾಯಿ ಅಂದರೆ ಕ್ಯಾಸಿನೋಗೆ ಉಳಿಯಬೇಕಾದದ್ದು ಲೆಕ್ಕದಲ್ಲಿ 80,000. ಒಂದು ವಾರದಲ್ಲಿ ಅದು ಅರ್ಧವಾಗಬಹುದು, ಮೈನಸ್ಸೂ ಆಗಬಹುದು, ಒಂದು ದೊಡ್ಡ ಜಾಕ್‌ಪಾಟ್ ಬಿದ್ದರೆ ಸಾಕು. ಲಕ್ಷಾಂತರ ಆಟವಾದ ಮೇಲೂ ಲೆಕ್ಕಕ್ಕೂ ನಿಜಕ್ಕೂ ದೂರ ಇದ್ದರೆ ಮಾತ್ರ ಅನುಮಾನ ಪಡಿ. ಆಗಲೂ ಮೊದಲು ನೋಡಬೇಕಾದದ್ದು ಮೀಟರ್, ಹ್ಯಾಂಡ್‌ಪೇ ಸ್ಲಿಪ್, ಬಾಗಿಲ ಕಾರ್ಡ್. ಟೈಟ್ ಮಾಡುವ ಸ್ಕ್ರೂ ಎಲ್ಲೂ ಇಲ್ಲ. ಪಾವತಿ ಪ್ರಮಾಣ ಪ್ರಮಾಣೀಕರಿಸಿದ ಸಾಫ್ಟ್‌ವೇರ್‌ನಲ್ಲಿ ಕೂತಿರುತ್ತದೆ, ಅದನ್ನು ಬದಲಾಯಿಸುವುದು ಟೆಕ್ನಿಷಿಯನ್ ನಿರ್ಧಾರವಲ್ಲ. ಬಾಯಿಮಾತಿನ ಆದೇಶಕ್ಕೆ ಯಾವ ಹುಡುಗನೂ ಬಾಗಿಲು ತೆರೆಯಬಾರದು, ಬರೆದು ಕೊಡಿ ಅನ್ನಲಿ.

ಹಡಗು_ಟೆಕ್_ಮಂಗಳೂರು:
ಸ್ವಿಚ್ ಸಿಕ್ಕಿದ್ದು ಒಳ್ಳೆಯದಾಯಿತು. ಉಪ್ಪುಗಾಳಿಯಲ್ಲಿ ಕನೆಕ್ಟರ್ ಹಸಿರುಗಟ್ಟುವುದು ನಮಗೂ ಹೊಸದಲ್ಲ. ಉಳಿದ ಸಾಲುಗಳ ಬುಡವನ್ನೂ ಈ ವಾರವೇ ತೆರೆಸಿ. ಟಿಕೆಟ್ ಪೇಪರ್ ಎಲ್ಲಿ ಇಡುತ್ತೀರಿ? ಅದು ಥರ್ಮಲ್ ಪೇಪರ್, ತೇವ ಹೀರಿದರೆ ಉಬ್ಬಿ ಪ್ರಿಂಟರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಕಾರವಾರ_ಸ್ಲಾಟ್:
ಕೆಳಗಿನ ಡೆಕ್ಕಿನ ಸ್ಟೋರ್ ರೂಮಿನಲ್ಲಿ. ಎಸಿ ಇಲ್ಲ.

ಹುಬ್ಬಳ್ಳಿ_ಎಟಿಎಂ:
ಮ್ಯಾಲೆ ತರಸ್ರಿ. ಇಲ್ಲಾಂದ್ರ ಮುಂದಿನ ಪ್ರಶ್ನಿ ಪ್ರಿಂಟರಿಂದು ಇರ್ತೈತಿ.