‘ನೇಮ್ಡ್ ಪ್ಯಾರಾಮೀಟರ್’: ಹೆಸರುಳ್ಳದ್ದೋ, ಹೆಸರಿನಿಂದ ಸೇರುವುದೋ?

ಕೆಲಸಕ್ಕೆ ಹೊಸದಾಗಿ ಸೇರುವವರಿಗೆಂದು, ಡೇಟಾಬೇಸ್‌ಗೆ ಆಜ್ಞೆ ಕೊಡುವ ಭಾಷೆಯಾದ ಎಸ್‌ಕ್ಯೂಎಲ್ ಕುರಿತು ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಈ ಪದದ ಹತ್ತಿರ ಬಂದು ಎರಡು ವಾರದಿಂದ ನಿಂತಿದ್ದೇನೆ.

ಸಂದರ್ಭ ಇದು. ಹುಡುಕುವ ಪುಟದಲ್ಲಿ ಜನ ಯಾವ ಖಾನೆ ತುಂಬುತ್ತಾರೋ ಅದನ್ನು ನೋಡಿಕೊಂಡು ಪ್ರೋಗ್ರಾಂ ಆಗಿಂದಾಗಲೇ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಕಟ್ಟಬೇಕು. ಟೈಪ್ ಮಾಡಿದ್ದನ್ನು ಹಾಗೆಯೇ ಅಂಟಿಸಿದರೆ ಏನಾಗುತ್ತದೆಂದು ನಾನೇ ಕಂಡಿದ್ದೇನೆ. ನಮ್ಮದೊಂದು ಪುಟದಲ್ಲಿ ಡಿ'ಸೋಜ ಎಂದು ಹುಡುಕಿದರೆ ಸಾಕು, ಎರರ್. ಹೆಸರಿನ ನಡುವಿನ ಆ ಸಣ್ಣ ಚಿಹ್ನೆಯನ್ನು ಕಂಡ ಡೇಟಾಬೇಸ್ ಪಠ್ಯ ಅಲ್ಲಿಗೆ ಮುಗಿಯಿತು ಅಂದುಕೊಂಡು, ಉಳಿದ ‘ಸೋಜ’ವನ್ನು ಆಜ್ಞೆಯೆಂದು ಓದಲು ಹೋಗುತ್ತಿತ್ತು. ಇದೇ ಸಂದಿನಲ್ಲಿ ಕೆಟ್ಟ ಉದ್ದೇಶದವರು ಇಡೀ ಆಜ್ಞೆಯನ್ನೇ ತೂರಿಸಬಹುದು. ಅದಕ್ಕೇ ‘ವೇರ್ ಕುಲನಾಮ = :ಕುಲನಾಮ’ ಎಂದು ಜಾಗ ಬಿಟ್ಟು, ಮೌಲ್ಯವನ್ನು ಬೇರೆಯಾಗಿ ಕಳಿಸುತ್ತೇವೆ. ಹೀಗೆ ಹೆಸರಿಟ್ಟು ಬಿಟ್ಟ ಜಾಗವೇ ‘ನೇಮ್ಡ್ ಪ್ಯಾರಾಮೀಟರ್’.

ಪ್ಯಾರಾಮೀಟರ್‌ಗೆ ‘ನಿಯತಾಂಕ’ ಎಂಬುದು ಬಳಕೆಯಲ್ಲಿದೆ. ಆದರೆ ನಿಯತ ಎಂದರೆ ಗೊತ್ತಾದದ್ದು, ಕದಲದ್ದು. ಇಲ್ಲಿಯದು ಸಲಸಲಕ್ಕೂ ಬದಲಾಗುವಂಥದ್ದು, ಅಂಕಿಯೇ ಆಗಿರಬೇಕೆಂದೂ ಇಲ್ಲ. ‘ಪ್ರಾಚಲ’ದಲ್ಲಿ ಚಲನೆಯೇನೋ ಇದೆ, ಆದರೆ ಗಣಿತದ ಪುಸ್ತಕ ಬಿಟ್ಟು ಅದು ಹೊರಗೆ ಬಂದಿಲ್ಲ. ಪ್ಯಾರಾಮೀಟರ್ ಎಂದೇ ಉಳಿಸಿಕೊಳ್ಳಲು ನನ್ನ ತಕರಾರಿಲ್ಲ.

ತೊಡಕು ‘ನೇಮ್ಡ್’ನದು. ‘ಹೆಸರಾಂತ’, ‘ಹೆಸರಾದ’ ಎಂದರೆ ಪ್ರಸಿದ್ಧಿಯ ಮಾತಾಯಿತು. ‘ಹೆಸರಿನ ಪ್ಯಾರಾಮೀಟರ್’ ಎಂದರೆ ಗ್ರಾಹಕರ ಹೆಸರು ತುಂಬುವ ಖಾನೆ ಅಂದುಕೊಳ್ಳುತ್ತಾರೆ. ‘ಹೆಸರುಳ್ಳ’ ಸರಿ ಅನ್ನಿಸಿತ್ತು. ಆದರೆ ಒರಾಕಲ್ ಎಂಬ ಡೇಟಾಬೇಸ್‌ನಲ್ಲಿ ‘ಎಕ್ಸಿಕ್ಯೂಟ್ ಇಮ್ಮೀಡಿಯೆಟ್’ ಎಂಬ ಆಜ್ಞೆ ಬಳಸಿ ಸೆಲೆಕ್ಟ್ (ಮಾಹಿತಿ ತೆಗೆಯುವ ಕ್ವೆರಿ) ಓಡಿಸುವಾಗ ‘:ಊರು’ ಎಂದು ಹೆಸರು ಕೊಟ್ಟರೂ ಮೌಲ್ಯಗಳು ಕೂರುವುದು ಸಾಲಿನ ಪ್ರಕಾರ. ‘:ಊರು’ ಎರಡು ಕಡೆ ಬಂದರೆ ಮೌಲ್ಯವನ್ನೂ ಎರಡು ಸಲ ಕೊಡಬೇಕು. ಹೆಸರುಳ್ಳದ್ದು ನಿಜ, ಹೆಸರಿನಿಂದ ಸೇರುವುದಲ್ಲ. ಎಸ್‌ಕ್ಯೂಎಲ್ ಸರ್ವರ್ ಎಂಬ ಇನ್ನೊಂದು ಡೇಟಾಬೇಸ್‌ನ, ಇದೇ ಕೆಲಸ ಮಾಡುವ ‘ಎಸ್‌ಪಿ_ಎಕ್ಸಿಕ್ಯೂಟ್‌ಎಸ್‌ಕ್ಯೂಎಲ್’ನಲ್ಲಿ ‘@ಊರು = ...’ ಎಂದು ಬರೆದು ಕೊಟ್ಟರೆ ಹಿಂದುಮುಂದಾದರೂ ಚಿಂತೆಯಿಲ್ಲ.

ಕನ್ನಡದವರಿಗೆ ಈ ವ್ಯತ್ಯಾಸ ವಿವರಿಸುವುದು ಸುಲಭ. ‘ರಾಮ ರಾವಣನನ್ನು ಕೊಂದ’, ‘ರಾವಣನನ್ನು ರಾಮ ಕೊಂದ’: ಪದ ಎಲ್ಲಿದ್ದರೂ ವಿಭಕ್ತಿ ಅದರ ಕೆಲಸ ಹೇಳುತ್ತದೆ. ಬರಿಯ ಪ್ರಶ್ನಾರ್ಥಕ ಚಿಹ್ನೆ ಹಾಕಿ ಜಾಗ ಬಿಡುವ ಪದ್ಧತಿಯಲ್ಲಿ ಆ ವಿಭಕ್ತಿಯೇ ಇಲ್ಲ. ನಡುವೆ ಒಂದು ಷರತ್ತು ಸೇರಿಸಿದರೆ ಮುಂದಿನದೆಲ್ಲ ಒಂದೊಂದು ಮನೆ ಜಾರುತ್ತದೆ. ಇದಕ್ಕೆ ‘ಸರದಿ ಪ್ಯಾರಾಮೀಟರ್’ ಎಂದು ಬರೆದುಕೊಂಡಿದ್ದೇನೆ, ನಾಲಿಗೆಗೂ ಹೊಂದುತ್ತದೆ.

ಇದರ ಜೋಡಿಗೆ ‘ಹೆಸರುಗೂಡಿಕೆಯ ಪ್ಯಾರಾಮೀಟರ್’ ಎಂಬುದು ಹೊಳೆದಿದೆ. ಉದ್ದವಾಯಿತೇ? ‘ಹೆಸರುಗೂಡಿಕೆ’ ಎಂದರೆ ಹೆಸರುಗಳನ್ನು ಕೂಡಿಹಾಕುವುದು ಎಂಬ ಅರ್ಥ ಬರುತ್ತದೆಯೇ? ಇನ್ನೂ ಹಗುರವಾದ, ಮಾತಿನಲ್ಲಿ ಓಡಾಡಬಲ್ಲ ಪದವಿದ್ದರೆ ದಯವಿಟ್ಟು ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.